ನಾಲ್ಕನೆಯ ಪೆಟ್ಟು

ಜನವರಿ 6, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಸೊಟ್ಟಂಪಟ್ಟ. ಇರಲಿ, ತಿದ್ದುವವರು ಯಾರೂ ಇಲ್ಲ, ಓದುವವರೂ ಇಲ್ಲ. ಮಾತಾಡಲಾಗದವನು ಎಲ್ಲಿಯಾದರೂ ಒಂದು ಕಡೆ ಬಡಬಡಿಸಬೇಕಲ್ಲ.

ದೀಪಾವಳಿಯ ಮರುವಾರ ಬಚ್ಚಲಲ್ಲಿ ಬಿದ್ದೆ. ಬಲಗೈ, ಬಲಗಾಲು ಅರ್ಧ ಹೋದವು. ಮಾತು ಪೂರ್ತಿ ಹೋಯಿತು. ನಾಲಿಗೆಗೆ ಏನೂ ಆಗಿಲ್ಲವಂತೆ, ತಲೆ ಕೊಟ್ಟ ಆಜ್ಞೆ ನಾಲಿಗೆಗೆ ಮುಟ್ಟುವಾಗ ದಾರಿ ತಪ್ಪುತ್ತದಂತೆ, ಅಷ್ಟೇ ಅಂದರು ಮಂಗಳೂರಿನ ಡಾಕ್ಟರು. ಅಷ್ಟೇಯಂತೆ! ಓದುತ್ತೇನೆ, ಬರೆಯುತ್ತೇನೆ, ಎಲ್ಲರ ಮಾತೂ ಅರ್ಥವಾಗುತ್ತದೆ. ಬಾಯಿ ತೆರೆದರೆ ಮಾತ್ರ ಎಮ್ಮೆಯ ಸ್ವರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ, ಉಚ್ಚಾರದಲ್ಲಿ ಒಂದು ಕೂದಲೆಳೆ ತಪ್ಪಿದರೂ ಬಿಡದ ಹೇಮರಾಜ ಮಾಸ್ಟ್ರಿಗೆ ಈ ಗತಿ.

ಇಂದು ಬಿ.ಸಿ. ರೋಡಿನಿಂದ ಫಾಹಿಮಾ ಬಂದಿದ್ದಳು. ಮಾತಿನ ತರಬೇತಿ ಕೊಡುವ ಹುಡುಗಿ, ಇನ್ನು ಮೇಲೆ ಪ್ರತಿ ಸೋಮವಾರ ಬರುತ್ತಾಳೆ. "ಸರ್, ಮೊದಲು ಮನೆಯ ಮಾತು ಮಾಡುವ. ನೀರ್. ಬಲೆ. ಬೋಡ್ಚಿ. ದಿನಕ್ಕೆ ಬೇಕಾಗುವಂಥದ್ದು" ಅಂದಳು. ನೀರು, ಬನ್ನಿ, ಬೇಡ: ತುಳುವಿನಲ್ಲಿ ಮೂರು ಪುಟಾಣಿ ಮಾತು. ಕ್ಲಾಸಿನಲ್ಲಿ ತುಳು ಆಡಿದವರ ಕೊರಳಿಗೆ ಹಲಗೆ ತೂಗುಹಾಕುತ್ತಿದ್ದ ಮನುಷ್ಯ ನಾನು. ನನಗೆ ಈ ಮಗು ತೊಟ್ಟಿಲ ಪಾಠ ಹೇಳಬೇಕಾ! ಸ್ಲೇಟು ತೆಗೆದುಕೊಂಡು ದೊಡ್ಡದಾಗಿ ಬರೆದು ತೋರಿಸಿದೆ: ಇಂಗ್ಲಿಷ್ ಮಾತ್ರ.

ಫಾಹಿಮಾ ನನ್ನ ಹೆಂಡತಿಯ ಮುಖ ನೋಡಿದಳು. ಇವಳು ನಕ್ಕು, "ಅವರು ಹಾಗೇ ಅಮ್ಮಾ. ಅವರು ಹೇಳಿದ ಹಾಗೇ ಮಾಡುವ" ಅಂದಳು.

ಜನವರಿ 9

ದಾರಿ ಸಿಕ್ಕಿತು. ಮಕ್ಕಳಿಗೆ ಉದ್ದದ ಶಬ್ದ ಕಲಿಸುವಾಗ ನಾನು ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದೆ. ಶಬ್ದವನ್ನು ತುಂಡು ಮಾಡಬೇಕು, ಒಂದು ತುಂಡಿಗೆ ಒಂದು ಪೆಟ್ಟು, ಒತ್ತು ಬೀಳುವ ತುಂಡಿಗೆ ಜೋರು ಪೆಟ್ಟು. ಈಗ ಡಸ್ಟರಿನ ಬದಲು ಸ್ಟೀಲಿನ ಲೋಟ. ಕೈ ಕುಟ್ಟಿದರೆ ಬಾಯಿ ಹಿಂದಿನಿಂದ ಬರುತ್ತದೆ, ದನದ ಹಿಂದೆ ಕರು ಬಂದ ಹಾಗೆ. ಫಾಹಿಮಾ ಕೂಡ ಇದು ಒಳ್ಳೆಯ ಕ್ರಮವೇ ಎಂದು ಫೋನಿನಲ್ಲಿ ಹೇಳಿದಳಂತೆ. ನನಗೆ ಗೊತ್ತಿಲ್ಲದ್ದೇನೂ ಹೇಳಲಿಲ್ಲ.

ಮಕ್ಕಳಿಗೆ ನಾನು ಹೇಳುತ್ತಿದ್ದ ಸೂತ್ರ ಇದು. ಶಬ್ದಕ್ಕೆ ಮುಂದಿನಿಂದ ತಲೆ ಅಂಟಿಸಿದರೆ ಒತ್ತು ಸಾಮಾನ್ಯವಾಗಿ ಜಾಗ ಬಿಡುವುದಿಲ್ಲ. ಹ್ಯಾಪಿ, ಅನ್‌ಹ್ಯಾಪಿ: ಒತ್ತು ಹ್ಯಾ ಮೇಲೆಯೇ. ಆದರೆ ಹಿಂದಿನಿಂದ ಬಾಲ ಅಂಟಿಸಿದರೆ ಜಾಗ್ರತೆ ಬೇಕು. ಕೆಲವು ಬಾಲಗಳು ಸಾಧು. ಕೆಲವು ಒತ್ತನ್ನು ಕುತ್ತಿಗೆ ಹಿಡಿದು ತಮ್ಮ ಹತ್ತಿರಕ್ಕೆ ಎಳೆದುಕೊಳ್ಳುತ್ತವೆ. ಎಜುಕೇಟ್ ಅನ್ನುವಾಗ ಒತ್ತು ಮೊದಲಿಗೆ, ಎಜುಕೇಶನ್ ಅಂದ ಕೂಡಲೇ ಅದು ಕೇ ಮೇಲೆ.

ಎಡಗೈ ಬೇಗ ಸೋಲುತ್ತದೆ, ಹಾಗಾಗಿ ಲೋಟ ಕುಟ್ಟುವ ಕೆಲಸ ಇವಳಿಗೆ. ಬೆಳಿಗ್ಗೆ ಮಗ ಸಮ್ಮೇದ್ ಮತ್ತು ಸೊಸೆ ತ್ರಿಶಾ ಒಂದೇ ಬೈಕಿನಲ್ಲಿ ಮೂಡುಬಿದಿರೆಗೆ ಹೊರಡುತ್ತಾರೆ, ಅವನು ಟೈಲ್ಸ್ ಅಂಗಡಿಗೆ, ಅವಳು ಬ್ಯಾಂಕಿಗೆ. ಅವರು ಹೋದ ಮೇಲೆ ನಮ್ಮ ಪಾಠ. ಇವಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಸ್ಲೇಟಿನಲ್ಲಿ ಗೆರೆ ಹಾಕಿ ಕೊಟ್ಟರೆ ಹಾಗೇ ಕುಟ್ಟುತ್ತಾಳೆ.

ಕಂಪೌಂಡಿನ ಆಚೆ ಸುಂದರಿ ಜಗಲಿಯಲ್ಲಿ ಬೀಡಿ ಕಟ್ಟುತ್ತಾಳೆ. "ಅಕ್ಕಾ, ಮಾಸ್ಟ್ರ ಚೆಂಡೆ ಶುರುವಾಯ್ತಾ? ಇನ್ನು ವೇಷ ಯಾವಾಗ?" ಎಂದು ಅಲ್ಲಿಂದಲೇ ಕೂಗಿದಳು. ಇವಳಿಗೆ ನಗು ತಡೆಯಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

ಜನವರಿ 13, ಸೋಮವಾರ

ಫಾಹಿಮಾ ಬಿಡುವ ಕುಳ ಅಲ್ಲ. ತುಳು ಬೇಡವಾದರೆ ಹೆಂಡತಿಯ ಹೆಸರಿನಿಂದಾದರೂ ಶುರು ಮಾಡಿ ಅಂದಳು. ಇವಳು ಸೆರಗು ಬಾಯಿಗೆ ಒತ್ತಿಕೊಂಡು, "ಅಯ್ಯಬ್ಬ! ಅವರು ನನ್ನ ಹೆಸರು ಹಿಡಿದು ಕರೆಯುವುದುಂಟಾ!" ಎಂದು ಒಳಗೆ ಓಡಿದಳು. ಹೌದು, ನಾನು ಕರೆದವನಲ್ಲ. ನಮ್ಮಲ್ಲಿ ಯಾರು ಕರೆಯುತ್ತಾರೆ? "ಕೇಳಿತಾ" ಅಂದರೆ ಸಾಕಿತ್ತು, ಅಡಿಗೆಮನೆಯಿಂದ ಬರುತ್ತಿದ್ದಳು. ಈಗ ಅದಕ್ಕೂ ಲೋಟವೇ.

"ಆಪತ್ತಿಗೆ ಯಾರನ್ನಾದರೂ ಕರೀಬೇಕಾದರೆ ಎಂತ ಮಾಡ್ತೀರಿ ಸರ್?" ಎಂದು ಕೇಳಿದಳು. ಲೋಟ ಎತ್ತಿ ತೋರಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ. ಒಂದು ಬೇರೆ ಗಂಟೆ ತರಿಸಿ ಅಂದಳು. ಗಂಟೆ ಕಟ್ಟಲಿಕ್ಕೆ ನಾನೇನು ಬಸದಿಯಾ?

ಜನವರಿ 16

ವಸಂತ ಬಂದಿದ್ದ. ನನ್ನ ಹಳೆಯ ವಿದ್ಯಾರ್ಥಿ, ಈಗ ಮಡಂತ್ಯಾರಿನಲ್ಲಿ ಹಾರ್ಡ್‌ವೇರ್ ಅಂಗಡಿ, ಹೊಟ್ಟೆ ಬಂದಿದೆ. ಅವರ ಬ್ಯಾಚಿನವರು ಸೇರಿ ಫೆಬ್ರವರಿ ಹದಿನಾರಕ್ಕೆ ಗುರುವಂದನೆ ಇಟ್ಟುಕೊಂಡಿದ್ದಾರಂತೆ. ಶಾಲೆಯ ಮೈದಾನದಲ್ಲಿ ಶಾಮಿಯಾನ, ಊಟ, ಎಲ್ಲ.

"ಸರ್, ನಿಮ್ಮನ್ನು ಕಾರಿನಲ್ಲಿ ಕರ್ಕೊಂಡು ಹೋಗ್ತೇವೆ. ಸುಮ್ಮನೆ ಕೂತರೆ ಸಾಕು, ಶಾಲು ನಾವು ಹೊದಿಸ್ತೇವೆ" ಅಂದ.

ಸುಮ್ಮನೆ ಕೂತರೆ ಸಾಕಂತೆ. ಸ್ಲೇಟಿನಲ್ಲಿ ಬರೆದೆ: ನಾನು ಮಾತಾಡುತ್ತೇನೆ. ಇಂಗ್ಲಿಷಿನಲ್ಲಿ.

ಅವನ ಕಣ್ಣು ತುಂಬಿತು. "ಆವು ಸರ್" ಅಂದ, ಆಗಲಿ ಎಂದು. ಹಲಗೆ ಹೊತ್ತವರಲ್ಲಿ ಇವನೇ ಮೊದಲಿಗ, ಈಗಲೂ ನನ್ನೆದುರು ತುಳು! ಹೊರಗೆ ಹೋಗುವಾಗ ಇವಳ ಹತ್ತಿರ, "ಅಮ್ಮ, ಆಗದಿದ್ದರೆ ಒತ್ತಾಯ ಬೇಡ ಆಯ್ತಾ" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಕಿವಿಗೆ ಲಕ್ವ ಹೊಡೆದಿಲ್ಲ.

ಎರಡೇ ಸಾಲಿನ ಭಾಷಣ. ಅದರಲ್ಲಿ ಒಂದು ಶಬ್ದ ಬೇಕೇ ಬೇಕು, ಪ್ರತಿ ವರ್ಷ ಹತ್ತನೆಯ ತರಗತಿಯ ಬೀಳ್ಕೊಡುಗೆಗೆ ನಾನು ಹೇಳುತ್ತಿದ್ದದ್ದು: ರಿಸ್ಪಾನ್ಸಿಬಿಲಿಟಿ. ರಿ, ಸ್ಪಾನ್, ಸಿ, ಬಿ, ಲಿ, ಟಿ. ಮೂರು ಹಗುರ ಪೆಟ್ಟು, ನಾಲ್ಕನೆಯದು ಜೋರು, ಆಮೇಲೆ ಎರಡು ಹಗುರ. ಅದು ಬಂದರೆ ಉಳಿದದ್ದು ತಾನಾಗಿ ಬರುತ್ತದೆ.

ಜನವರಿ 21

ಇಂದು ಅಷ್ಟಮಿ, ಇವಳಿಗೆ ಉಪವಾಸ. ಉಪವಾಸದ ದಿನ ಪಾಠ ಸರಿಯಾಗುವುದಿಲ್ಲ. ಲೋಟ ಎತ್ತುತ್ತಾಳೆ, ಇಡುತ್ತಾಳೆ, ಪೆಟ್ಟೇ ಇಲ್ಲ. ನಾಲ್ಕನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ಗೊತ್ತಾಗಬಾರದಾ? ಸ್ಲೇಟಿನಲ್ಲಿ 'ಜೋರು!' ಎಂದು ಬರೆದು ಮುಖದೆದುರು ಹಿಡಿದೆ. "ಹೊಡೀತೇನೆ, ಹೊಡೀತೇನೆ. ಸ್ವಲ್ಪ ನಿಲ್ಲಿ" ಎಂದು ಕೂತು ಎಡಭುಜ ತಿಕ್ಕಿಕೊಂಡಳು. ಓಮದ ನೀರು ಕುಡಿದು ಬಂದ ಮೇಲೂ ಹಾಗೇ. ಕಡೆಗೆ ನಾನೇ ಕುಟ್ಟಿಕೊಂಡೆ. ಮಧ್ಯಾಹ್ನದ ಒಳಗೆ ಎಡಗೈ ಬಾತುಕೊಂಡಿತು.

ಜನವರಿ 25

ಎಜುಕೇಶನ್. ಬಂತು! ನಾಲ್ಕು ತುಂಡೂ ಬಂತು, ಒತ್ತೂ ಸರಿ ಜಾಗಕ್ಕೆ ಬಿತ್ತು.

ಫೆಬ್ರವರಿ 1

ರಿಸ್ಪಾನ್ಸಿಬಲ್ ತನಕ ಹೋಗುತ್ತೇನೆ. ಬಾಲ ಅಂಟಿಸಿದ ಕೂಡಲೇ ಎಲ್ಲ ಕುಸಿಯುತ್ತದೆ. ಒತ್ತು ಸ್ಪಾನ್ ಬಿಟ್ಟು ಬರಲು ಒಪ್ಪುವುದಿಲ್ಲ, ಹಟಮಾರಿ ಎತ್ತಿನಂತೆ ಅಲ್ಲೇ ನಿಲ್ಲುತ್ತದೆ. ಬೆಳಿಗ್ಗೆಯಿಂದ ಇಳಿಬಿಸಿಲಿನ ತನಕ ಕುಟ್ಟಿದ್ದೇ ಕುಟ್ಟಿದ್ದು.

ಸುಂದರಿ ಡಿಪೋಗೆ ಬೀಡಿ ಕೊಡಲು ಹೋಗುವಾಗ ಗೇಟಿನಲ್ಲಿ ನಿಂತು, "ಮಾಸ್ಟ್ರೇ, ಅಕ್ಕನ ಮುಖ ನೋಡಿದ್ದೀರಾ? ಬೂದಿ ಬಡಿದ ಹಾಗೆ ಉಂಟು. ಬಾವಿಯಿಂದ ಒಂದು ಕೊಡ ತರುವಾಗ ಎರಡು ಸಲ ಕೂತರು. ಒಮ್ಮೆ ಡಾಕ್ಟ್ರಿಗೆ ತೋರಿಸಿ ಮಾರಾಯ್ರೇ" ಅಂದಳು. ಇವಳು ಒಳಗಿನಿಂದ, "ಗ್ಯಾಸ್ ಅದು. ನೀನು ಹೋಗು, ತೂಕದವ ಬಾಗಿಲು ಹಾಕ್ತಾನೆ" ಎಂದು ಗದರಿದಳು. ಗ್ಯಾಸೇ ಇರಬೇಕು. ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ನನಗೆ ಬಡಿಸಿ ತಾನು ಆಮೇಲೆ ಅನ್ನುತ್ತಾಳೆ. ಸೂರ್ಯ ಮುಳುಗಿದರೆ ನಮ್ಮ ಜೈನರಲ್ಲಿ ಊಟವಿಲ್ಲ, ಹಾಗೇ ಮಲಗುತ್ತಾಳೆ.

ಫೆಬ್ರವರಿ 6

ಬಂತು. ಬಂತು. ಬಂತು.

ಹನ್ನೊಂದು ಗಂಟೆಯ ಹೊತ್ತಿಗೆ. ಇವಳು ಕುಟ್ಟುತ್ತಿದ್ದಳು, ನಾನು ಕಣ್ಣು ಮುಚ್ಚಿದ್ದೆ. ರಿ, ಸ್ಪಾನ್, ಸಿ ಎಂದು ಮೂರು ಮೆಟ್ಟಲು ಹತ್ತಿದೆ, ನಾಲ್ಕನೆಯ ಪೆಟ್ಟಿಗೆ ಬಿ ಎಂದು ಬಾಯಿಂದ ಸಿಡಿಯಿತು, ಉಳಿದೆರಡು ಅದರ ಹಿಂದೆ ಉರುಳಿಕೊಂಡು ಬಂದವು. ಸ್ಪಷ್ಟ ಶಬ್ದ. ಬಾಯಿ ಬಿದ್ದ ಮೇಲೆ ಈ ಮನೆಯಲ್ಲಿ ನಾನು ಆಡಿದ ಇಷ್ಟುದ್ದದ ಮೊದಲ ಮಾತು ಎಂದರೂ ಆಯಿತು. ಇವಳು ಲೋಟ ಬಿಟ್ಟು ಎರಡೂ ಕೈ ತಟ್ಟಿದಳು. ಕಣ್ಣೀರು ಒರೆಸಿಕೊಂಡಳು. ನಾನೂ ಅತ್ತೆ, ಅದನ್ನು ಇಲ್ಲಿ ಬರೆಯಲು ನಾಚಿಕೆಯಿಲ್ಲ.

ಆಮೇಲೆ ನಿಲ್ಲಿಸಿದವರು ಯಾರು! ಕೈಯಲ್ಲಿ ಲೋಟ ಇದ್ದರೆ ಸಾಕು, ಶಬ್ದ ತಾನಾಗಿ ಹೊರಡುತ್ತದೆ. ಕೀಪ್ಯಾಡ್ ಫೋನಿನ ಒಂದನೆಯ ಗುಂಡಿ ಒತ್ತಿ ಸಮ್ಮೇದನಿಗೆ ಕೇಳಿಸಿದೆ. "ಅಪ್ಪಾ! ಸೂಪರ್ ಅಪ್ಪಾ!" ಎಂದು ಅಂಗಡಿಯಲ್ಲೇ ಕೂಗಿದ. ಅವನು ಫೋನನ್ನು ಗಿರಾಕಿಗಳ ಕಡೆ ಹಿಡಿದು ಇನ್ನೊಮ್ಮೆ ಹೇಳಿಸಿದ. ಗೋಡೆಯಾಚೆಯಿಂದ ಸುಂದರಿ, "ಓ ಮಾಸ್ಟ್ರೇ, ಇನ್ನು ನನಗೂ ಬಾಯಿಪಾಠ ಬರ್ತದೆ!" ಅಂದಳು. ಇಂದು ಅವಳ ಮೇಲೂ ಸಿಟ್ಟು ಬರಲಿಲ್ಲ.

ಊಟಕ್ಕೆ ಕೂತಾಗ ಇವಳು, "ಇನ್ನು ನನಗೆ ಒಂದು ದಿನ ರಜೆ ಕೊಡಿ. ಶನಿವಾರ ಸಮ್ಮೇದನ ಜೊತೆ ಮೂಡುಬಿದಿರೆಗೆ ಹೋಗಿ ಡಾಕ್ಟ್ರಿಗೆ ತೋರಿಸಿ ಬರ್ತೇನೆ. ಮೆಟ್ಟಲು ಹತ್ತುವಾಗ ಉಸಿರು ಕಟ್ಟಿದ ಹಾಗೆ ಆಗ್ತದೆ" ಅಂದಳು. ಹೋಗಲಿ, ಯಾರು ಬೇಡ ಅಂದರು? ಆದರೆ ಈಗ ಕಬ್ಬಿಣ ಕಾದಿದೆ. ಒಂದು ದಿನ ಬಿಟ್ಟರೆ ನಾಲಿಗೆ ಮತ್ತೆ ಮರೆತರೆ? 'ಹದಿನಾರು ಕಳೆಯಲಿ' ಎಂದು ಬರೆದೆ. ಅವಳು ಓದಿ, ಸ್ಲೇಟನ್ನು ಸೆರಗಿನಿಂದ ಒರೆಸಿ ವಾಪಸು ಕೊಟ್ಟಳು. "ಆಯ್ತು" ಅಂದಳು.

ಫೆಬ್ರವರಿ 10, ಸೋಮವಾರ

ಫಾಹಿಮಾ ಶಬ್ದ ಕೇಳಿ ಚಪ್ಪಾಳೆ ತಟ್ಟಿದಳು, ಕೂಡಲೇ ಮುಖ ಗಂಭೀರ ಮಾಡಿಕೊಂಡಳು. "ಸರ್, ನೀರು ಬೇಕು ಅಂತ ಹೇಳಿ ನೋಡುವ" ಅಂದಳು. ನೀರು ಅನ್ನಲು ಹೋದೆ, ಬಂದದ್ದು ರಿಸ್ಪಾನ್. ಇನ್ನೊಮ್ಮೆ ಅಂದಳು. ಮತ್ತೆ ಅದೇ. "ನಾಲಿಗೆ ಒಂದೇ ದಾರಿ ಕಲಿತಿದೆ ಸರ್, ಎಲ್ಲದಕ್ಕೂ ಅದರಲ್ಲೇ ಹೋಗ್ತದೆ" ಅಂದಳು. ಹೋದರೆ ಹೋಗಲಿ. ನನಗೆ ಸಭೆಯಲ್ಲಿ ನೀರು ಕೇಳಲಿಕ್ಕಿಲ್ಲ.

ಹೊರಡುವಾಗ ಇವಳ ಕೈ ಹಿಡಿದು, "ಅಮ್ಮಾ, ಕೈ ಯಾಕೆ ಇಷ್ಟು ತಣ್ಣಗೆ?" ಎಂದು ಕೇಳಿದಳು. "ಪಾತ್ರೆ ತೊಳೀತಿದ್ದೆ" ಅಂದಳು ಇವಳು.

ಫೆಬ್ರವರಿ 12

ಆಯಿತು.

ಫೆಬ್ರವರಿ 14

ಮನೆ ತುಂಬ ಜನ. ನನ್ನನ್ನು ಮೂಲೆಯಲ್ಲಿ ಕೂರಿಸಿದ್ದಾರೆ. ಬರೆಯದೆ ಇರಲಾಗುವುದಿಲ್ಲ.

ಮಂಗಳವಾರ ಚತುರ್ದಶಿ. ಉಪವಾಸ ಬೇಡ ಎಂದು ಬೆಳಿಗ್ಗೆ ಸಮ್ಮೇದ್ ಹೇಳಿದ್ದ, ಇವಳು ಕೇಳಲಿಲ್ಲ. ಮಧ್ಯಾಹ್ನ ನನಗೆ ಬಡಿಸಿ, ನನ್ನೆದುರು ಕೂತು ಲೋಟ ಕೈಗೆ ತೆಗೆದುಕೊಂಡಳು. ಒಂದು ಪೆಟ್ಟು ಹೊಡೆದಳು, ಎರಡನೆಯದಕ್ಕೆ ಕೈ ಎತ್ತಿ ಅಲ್ಲೇ ನಿಲ್ಲಿಸಿದಳು. ನನ್ನ ಮುಖ ನೋಡಿದಳು. "ಆಗುವುದಿಲ್ಲ" ಅಂದಳು. ಕುರ್ಚಿಯಿಂದ ಹಾಗೇ ಜಾರಿದಳು. ಲೋಟ ಉರುಳಿ ನನ್ನ ಕಾಲ ಬುಡಕ್ಕೆ ಬಂತು.

ನಾನು ಏಳಲು ಹೋಗಿ ಬಿದ್ದೆ. ನೆಲದಲ್ಲೇ ಎಳೆದುಕೊಂಡು ಅವಳ ಹತ್ತಿರ ಹೋದೆ. ಕಣ್ಣು ತೆರೆದೇ ಇತ್ತು, ಉಸಿರು ಇತ್ತು, ಹಣೆಯೆಲ್ಲ ಬೆವರು. ಕರೆಯಬೇಕೆಂದು ಬಾಯಿ ತೆರೆದೆ. ಅವಳನ್ನು ಏನೆಂದು ಕರೆಯಲಿ?

ಮೇಜಿನ ತುದಿಯಲ್ಲಿದ್ದ ಫೋನು ಎಳೆದು ಒಂದನೆಯ ಗುಂಡಿ ಒತ್ತಿದೆ. ಸಮ್ಮೇದ್ ಎತ್ತಿದ. ಅಮ್ಮ ಅನ್ನಬೇಕು, ಬಾ ಅನ್ನಬೇಕು. ಬಾಯಿಂದ ಬಂದದ್ದು ರಿಸ್ಪಾನ್ಸಿಬಿಲಿಟಿ. ಮತ್ತೆ ಮತ್ತೆ ಅದೇ, ಗಂಟಲು ಹರಿಯುವಷ್ಟು ಜೋರಾಗಿ ಅದೇ. "ಚೆನ್ನಾಗಿ ಬರ್ತಾ ಉಂಟು ಅಪ್ಪಾ. ಅಂಗಡಿಯಲ್ಲಿ ಜನ ಇದ್ದಾರೆ, ಸಂಜೆ ಬಂದು ಕೇಳ್ತೇನೆ ಆಯ್ತಾ?" ಎಂದು ಇಟ್ಟುಬಿಟ್ಟ. ಮತ್ತೆ ಒತ್ತಿದೆ. ಎತ್ತಲಿಲ್ಲ.

ಲೋಟ ಹಿಡಿದು ಹೊಸ್ತಿಲ ತನಕ ತೆವಳಿದೆ. ಬಾಗಿಲಿನ ಕಬ್ಬಿಣದ ಪಟ್ಟಿಗೆ ಕುಟ್ಟಿದೆ. ಹೇಗೆ ಬೇಕಾದರೂ ಕುಟ್ಟಬಹುದಿತ್ತು, ಬಡಬಡನೆ, ಹುಚ್ಚನ ಹಾಗೆ. ಕೈ ಕೇಳಲಿಲ್ಲ. ಮೂರು ಹಗುರ, ಒಂದು ಜೋರು, ಎರಡು ಹಗುರ. ಅದರ ಜೊತೆ ಬಾಯಿಯೂ ಅದನ್ನೇ ಹೇಳುತ್ತಿತ್ತು. ಗೋಡೆಯಾಚೆ ಸುಂದರಿ ಇದ್ದಳು. ಅವಳ ರೇಡಿಯೋ ಕೇಳಿಸುತ್ತಿತ್ತು, ಅವಳು ಕೆಮ್ಮಿದ್ದೂ ಕೇಳಿಸಿತು. "ಹದಿನಾರು ಹತ್ತಿರ ಬಂತಲ್ಲ, ಮಾಸ್ಟ್ರಿಗೆ ಇವತ್ತು ಭಾರೀ ಜೋರುಂಟು" ಎಂದು ಯಾರಿಗೋ ಹೇಳಿ ನಕ್ಕಳು.

ಎಷ್ಟು ಹೊತ್ತು ಕುಟ್ಟಿದೆನೋ. ಲೋಟದ ಅಂಚು ನೆಗ್ಗಿತು. ಕೈ ಎತ್ತಲಾಗದೆ ಅಲ್ಲೇ ಮುಖ ಅಡಿಯಾಗಿ ಮಲಗಿದೆ.

ಆಗ ಸುಂದರಿ ಬಂದಳು. "ಇದೆಂತ, ಒಮ್ಮೆಲೇ ನಿಂತಿತಲ್ಲ ಅಂತ ನೋಡ್ಲಿಕ್ಕೆ ಬಂದೆ" ಎನ್ನುತ್ತಲೇ ಗೇಟು ತೆರೆದಳು. ನನ್ನನ್ನು ಕಂಡಳು. ನನ್ನ ಹಿಂದೆ ಅವಳನ್ನು ಕಂಡಳು. ಸುಂದರಿಯ ಕೂಗು ರಸ್ತೆಯವರೆಗೆ ಕೇಳಿಸಿತು, ಯಾರು ಯಾರೋ ಓಡಿ ಬಂದರು, ಆಟೋದಲ್ಲಿ ಹಾಕಿದರು. ಆಸ್ಪತ್ರೆಯಲ್ಲಿ, ಸ್ವಲ್ಪ ಮುಂಚೆ ತರಬೇಕಿತ್ತು ಅಂದರಂತೆ.

ಫೆಬ್ರವರಿ 16, ಭಾನುವಾರ

ವಸಂತ ಶಾಲು, ಹಣ್ಣು ಹಿಡಿದುಕೊಂಡು ಮನೆಗೇ ಬಂದ. ಕಾರ್ಯಕ್ರಮ ರದ್ದು ಮಾಡಿದರಂತೆ. ಶಾಲನ್ನು ಹೊದಿಸಲಿಲ್ಲ, ಪಕ್ಕದಲ್ಲಿಟ್ಟ. ತುಂಬ ಹೊತ್ತು ಕೂತಿದ್ದ.

ಫೆಬ್ರವರಿ 20

ಸಮ್ಮೇದ್ ನನ್ನೆದುರು ಕೂರುವುದಿಲ್ಲ. ಊಟ ಬಡಿಸಿ ಆಚೆ ಹೋಗುತ್ತಾನೆ. ನಿನ್ನೆ ಫೋನು ಕೈಯಲ್ಲಿ ಹಿಡಿದು, "ನಾನು ಎತ್ತಿದ್ದೆ ಅಪ್ಪಾ. ಎತ್ತಿದ್ದೆ" ಎಂದು ಅತ್ತ. ಅವನ ತಪ್ಪಲ್ಲ ಎಂದು ಸ್ಲೇಟಿನಲ್ಲಿ ಬರೆಯಲು ಹೋದೆ. ಬಳಪ ಅವಳು ಎಲ್ಲಿಟ್ಟಿದ್ದಾಳೆಂದು ಯಾರಿಗೂ ಗೊತ್ತಿಲ್ಲ.

ಫೆಬ್ರವರಿ 22

ಸುಂದರಿ ಈಗ ರೇಡಿಯೋ ಹಾಕುವುದಿಲ್ಲ. ಬೆಳಿಗ್ಗೆ ತ್ರಿಶಾಳ ಕೈಯಿಂದ ತಟ್ಟೆ ಬಿತ್ತು, ಅಷ್ಟಕ್ಕೇ ಓಡಿ ಬಂದಳು. ಕೆಲಸಕ್ಕೆ ಹೋಗುವ ಮುಂಚೆ ತ್ರಿಶಾ ಈಗ ಎಲ್ಲ ಪಾತ್ರೆಗಳನ್ನು ಮೆಲ್ಲ ಇಡುತ್ತಾಳೆ.

ಮಾರ್ಚ್ 3, ಸೋಮವಾರ

ಫಾಹಿಮಾ ಬಂದಳು. ಬರುವುದಿಲ್ಲ ಅಂದುಕೊಂಡಿದ್ದೆ. ಇವಳ ಕುರ್ಚಿಯಲ್ಲಿ ಕೂರಲಿಲ್ಲ, ಮಣೆ ತೆಗೆದುಕೊಂಡು ನೆಲದಲ್ಲಿ ಕೂತಳು. "ಯಾವ ಮಾತು ಮಾಡುವ ಸರ್?" ಎಂದು ಕೇಳಿದಳು. ಹೊಸ ಬಳಪ ಅವಳೇ ತಂದಿದ್ದಳು.

ಸ್ಲೇಟಿನಲ್ಲಿ ಬರೆದೆ: ಕಮಲಾವತಿ.

ಮದುವೆಯ ಕಾಗದದಲ್ಲಿ ಓದಿದ ಹೆಸರು. ರೇಷನ್ ಕಾರ್ಡಿನಲ್ಲಿ ಬರೆಸಿದ ಹೆಸರು. ಬಾಯಲ್ಲಿ ಒಮ್ಮೆಯೂ ಹಿಡಿದಿಲ್ಲ. ಫಾಹಿಮಾ ಓದಿ, ತುಂಡು ಮಾಡಿದಳು. ಕ, ಮ, ಲಾ, ವ, ತಿ. ಒತ್ತು ಎಲ್ಲಿ ಹಾಕಲಿ ಎಂಬಂತೆ ನಾನು ಅಕ್ಷರಗಳ ಮೇಲೆ ಬೆರಳಾಡಿಸಿದೆ. "ಇದಕ್ಕೆ ಜೋರು ಪೆಟ್ಟು ಬೇಡ ಸರ್. ಎಲ್ಲ ಒಂದೇ ಹಾಗೆ" ಅಂದಳು.

ಅಂಚು ನೆಗ್ಗಿದ ಲೋಟವೇ ಇತ್ತು. ಎಡಗೈಯಲ್ಲಿ ಹಿಡಿದು ಮೇಜಿನ ಮೇಲೆ ಮೆಲ್ಲ ಕುಟ್ಟಿದೆ. ಕ. ಇನ್ನೊಂದು. ಮ ಬರಲಿಲ್ಲ, ರಿ ಬಂತು. ಬಾಯಿ ಮುಚ್ಚಿಕೊಂಡು ಮತ್ತೆ ಮೊದಲಿನಿಂದ ಕುಟ್ಟಿದೆ.

ಗೇಟು ಧಡ್ಡನೆ ಬಡಿಯಿತು. ಸುಂದರಿ ಓಡಿ ಬಂದಳು, ಕಾಲಿಗೆ ಚಪ್ಪಲಿಯಿಲ್ಲ, ಮಡಿಲಿನ ಬೀಡಿ ಎಲೆ ಅಂಗಳದುದ್ದಕ್ಕೂ ಚೆಲ್ಲಿತ್ತು. "ಎಂಚಿನ ಮಾಸ್ಟ್ರೇ? ಎಂಚಿನ ಆಂಡ್?" ಎನ್ನುತ್ತಾ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಏನಾಯಿತೆಂದು ಕೇಳುತ್ತಿದ್ದಳು, ಅವಳ ಕಣ್ಣು ನೆಲದ ಮೇಲೆ, ಇವಳು ಬಿದ್ದಿದ್ದ ಜಾಗದ ಮೇಲೆಯೇ ಇತ್ತು.

ಏನೂ ಇಲ್ಲ, ಹೋಗು, ಇದು ಪಾಠ ಎಂದು ಹೇಳಲು ಬಾಯಿ ತೆರೆದೆ.

"ಬಲೆ" ಅಂದೆ.

ತುಂಡಾಗದೆ, ಲೋಟವಿಲ್ಲದೆ, ಒಂದೇ ಉಸಿರಿನಲ್ಲಿ ಬಂತು. ಬನ್ನಿ. ಆ ದಿನ ಹೊಸ್ತಿಲಲ್ಲಿ ಬೇಕಾಗಿದ್ದದ್ದು ಅಷ್ಟೇ. ಫಾಹಿಮಾ ಸ್ಲೇಟನ್ನು ಮೆಲ್ಲ ಕೆಳಗಿಟ್ಟಳು.

ಸುಂದರಿ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. "ಬತ್ತೆ ಮಾಸ್ಟ್ರೇ" ಅಂದಳು, "ಬತ್ತೆ, ಬತ್ತೆ." ಬಂದೆ, ಬಂದೆ ಎಂದು ಅವಳು ಅಳುತ್ತಲೇ ಇದ್ದಳು. ನನಗೆ ಅವಳನ್ನು ನಿಲ್ಲಿಸಲು ಬೇರೆ ಮಾತು ಗೊತ್ತಿರಲಿಲ್ಲ, ಅದನ್ನೇ ಮತ್ತೆ ಹೇಳಿದೆ.